ಬಾಗಿಲ ಮುಂದಿನ ಬಾವಿ

ಸೆಲಿನ್ ಬಾಯಿಯ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಎರಡೇ ಸಲ. ಉಳಿದ ಹೊತ್ತಿನಲ್ಲೆಲ್ಲ ಅವು ಏನಾದರೊಂದು ಮಾಡುತ್ತಲೇ ಇರುತ್ತಿದ್ದವು. ಶಂಕರಪುರದ ಮನೆಯ ಹಿತ್ತಿಲಿನಲ್ಲಿ ಬಿಸಿಲೇರುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ಯಬೇಕು, ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಬೇಕು, ಹೂ ಒಯ್ಯುವವರ ಕೈಗೆ ಕೊಟ್ಟು ಬಸ್ಸು ಹತ್ತಬೇಕು. ಹತ್ತು ಗಂಟೆಗೆ ಅದೇ ಬೆರಳುಗಳು ಮಣಿಪಾಲದ ಒಂದು ಕೋಣೆಯ ಬೀಗ ತೆಗೆದು, ಆರು ಕಂಪ್ಯೂಟರುಗಳ ಧೂಳು ಒರೆಸಿ, ವಿಡಿಯೊ ಗೇಮಿನ ರಿಮೋಟು ಹಿಡಿಯುತ್ತಿದ್ದವು. ಐವತ್ತು ದಾಟಿದ ಹೆಂಗಸು. ನೂಲಿನ ಸೀರೆ, ಕುತ್ತಿಗೆಯಲ್ಲಿ ಶಿಲುಬೆಯ ಸರ, ಎರಡೂ ಕಿವಿ ಮುಚ್ಚುವಷ್ಟು ದೊಡ್ಡ ಹೆಡ್‌ಫೋನು. ಹೊಸದಾಗಿ ಬಂದ ಹುಡುಗರು ಬಾಗಿಲಲ್ಲೇ ನಿಂತು, ತಪ್ಪಿ ಯಾರದೋ ಮನೆಗೆ ಬಂದೆವೇನೋ ಎಂದು ಬೋರ್ಡು ನೋಡುತ್ತಿದ್ದರು.

ಬೋರ್ಡಿನಲ್ಲಿ ‘ಗೇಮಿಂಗ್ ಸೆಂಟರ್’ ಎಂದೇ ಇತ್ತು. ಬಸ್ ನಿಲ್ದಾಣದ ಹಿಂದಿನ ಇಳಿಜಾರಿನಲ್ಲಿ, ಒಂದು ಜೆರಾಕ್ಸ್ ಅಂಗಡಿಗೂ ಒಂದು ಜ್ಯೂಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಕೋಣೆ ಅದು. ನಾನು ಪೆರ್ಡೂರಿನವಳು, ಆಗ ಮಣಿಪಾಲದಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಸಂಜೆ ಊರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯುವ ಕರ್ಮ. ಆ ಬಾಗಿಲಲ್ಲಿ ನಿಂತು ಒಳಗಿನ ಪರದೆಗಳನ್ನು ನೋಡುವುದು ನನ್ನ ದಿನದ ಕಾಯಕವಾಗಿತ್ತು. ಒಳಗೆಲ್ಲ ಹುಡುಗರೇ. ಹೋಗಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಯಿ ಹೆಡ್‌ಫೋನು ಸರಿಸಿ ಕೇಳಿದರು:

“ನಿನ್ನ ಹೆಸರು ಎಂತ?”

“ಅಕ್ಷತಾ.”

“ಒಳಗೆ ಬಾ ಅಕ್ಷತಾ. ನಿಂತರೆ ಕಾಲು ನೋಯ್ತದೆ, ಸುಮ್ಮನೆ ನೋಡ್ತಾ ಇದ್ದರೆ ಕಣ್ಣು ನೋಯ್ತದೆ. ಆಡಿದರೆ ಎಂತದೂ ನೋಯುವುದಿಲ್ಲ.”

ಆಮೇಲೆ ಹುಡುಗರ ಕಡೆಗೆ ತಿರುಗಿ, “ಇವಳು ನನ್ನ ಮಗಳ ಹಾಗೆ, ಆಯ್ತಾ? ಯಾರಾದರೂ ಎಂತಾದರೂ ಹೇಳಿದರೆ ಮೈನ್ ಸ್ವಿಚ್ಚೇ ತೆಗೀತೇನೆ,” ಎಂದರು. ಗೆಲ್ಲುವ ಹೊತ್ತಿಗೆ ಕರೆಂಟು ಹೋಗುವುದಕ್ಕಿಂತ ದೊಡ್ಡ ಶಾಪ ಆ ಹುಡುಗರಿಗೆ ಬೇರೆ ಇರಲಿಲ್ಲ. ಅಂದಿನಿಂದ ಕಿಟಕಿಯ ಪಕ್ಕದ ಸ್ಟೂಲು ನನ್ನದಾಯಿತು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಆಟದ ಸಿಟ್ಟಿನಲ್ಲಿ ಯಾರ ಬಾಯಿಂದ ಕೆಟ್ಟ ಮಾತು ಬಂದರೂ ಅವನು ಎದ್ದು ಬಂದು ಹತ್ತು ಮಲ್ಲಿಗೆ ಮೊಗ್ಗು ಕಟ್ಟಬೇಕು. ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದಿಷ್ಟು ಉಳಿಕೆ ಮೊಗ್ಗು, ಪಕ್ಕದಲ್ಲಿ ನೆನೆಸಿದ ಬಾಳೆನಾರು ಯಾವಾಗಲೂ ಇರುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಪ್ಪತ್ತು ಜನರನ್ನು ಗುಂಡಿಟ್ಟು ಕೊಲ್ಲುವ ವೀರರು ಆ ಹತ್ತು ಮೊಗ್ಗುಗಳ ಮುಂದೆ ಬೆವರುತ್ತಿದ್ದರು. ಮೊಗ್ಗು ಜಾರುತ್ತಿತ್ತು, ನಾರು ಹರಿಯುತ್ತಿತ್ತು, ಅತ್ತ ಅವರ ಸರದಿ ಮುಗಿಯುತ್ತಿತ್ತು. ಬಾಯಿ ಬೈಯುತ್ತಿರಲಿಲ್ಲ. “ಸಾವಕಾಶ ಮಗಾ. ಮೊಗ್ಗಿಗೆ ನೋವಾಗ್ತದೆ,” ಎನ್ನುತ್ತಿದ್ದರು. ಹುಡುಗರು ಕಟ್ಟಿದ ಸೊಟ್ಟ ಮಾಲೆ ಗೋಡೆಯ ಮೇಲಿದ್ದ ಮಾತೆಯ ಪಟಕ್ಕೆ ಹೋಗುತ್ತಿತ್ತು. ಪರೀಕ್ಷೆಯ ಮುಂಚಿನ ವಾರ ಹುಡುಗರ ನಾಲಿಗೆ ಸಡಿಲವಾಗಿ ಪಟವೇ ಕಾಣದಷ್ಟು ಹೂವಾಗುತ್ತಿತ್ತು.

ಒಮ್ಮೆ ದಿಲ್ಲಿ ಕಡೆಯ ಹುಡುಗನೊಬ್ಬ ಬಂದ. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟದಲ್ಲಿ ಹಾಸ್ಟೆಲಿಗೆಲ್ಲ ತಾನೇ ರಾಜ ಎಂಬ ಗತ್ತು. ಎಲ್ಲರನ್ನೂ ಸೋಲಿಸಿ, ಇನ್ನು ಯಾರಿದ್ದಾರೆ ಎಂದು ಸುತ್ತ ನೋಡಿದಾಗ ಹುಡುಗರು ಬಾಯಿಯ ಕಡೆ ಕೈ ತೋರಿಸಿದರು. ಅವನು ನಕ್ಕ. ಆ ನಗು ಐದು ನಿಮಿಷ ಉಳಿಯಿತು. ಬಾಯಿ ಮೂರು ಸಲ ಆಡಿ ಮೂರು ಸಲವೂ ಅವನನ್ನು ಮಣ್ಣುಮುಕ್ಕಿಸಿ, ರಿಮೋಟು ಸೆರಗಿನಲ್ಲಿ ಒರೆಸಿ ಕೆಳಗಿಟ್ಟರು. ಯಾವ ಬಟನ್ ಆದ ಮೇಲೆ ಯಾವ ಬಟನ್ ಒತ್ತಿದಿರಿ ಎಂದು ಅವನು ಗೋಗರೆದಾಗ ಅವರು ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳಬೇಕಾಯಿತು: “ಅದೆಲ್ಲ ನನಗೆ ಗೊತ್ತಿಲ್ಲ ಮಗಾ. ಎರಡು ಮೊಗ್ಗು ಆಚೆ, ಎರಡು ಮೊಗ್ಗು ಈಚೆ, ಒಂದು ಗಂಟು. ಅಷ್ಟೇ.”

ಸೋತು ಸಪ್ಪೆ ಮುಖ ಮಾಡಿದವರಿಗೆಲ್ಲ ಅವರದು ಒಂದೇ ಮಾತು. “ಸತ್ತದ್ದಾ? ಏಳು, ಏಳು. ಇಲ್ಲಿ ಸತ್ತರೆ ಏಳಲಿಕ್ಕೆ ಆಗ್ತದಲ್ಲ.” ಪರೀಕ್ಷೆಯಲ್ಲಿ ಫೇಲಾಗಿ ಬಂದವನಿಗೂ ಅದನ್ನೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಇಷ್ಟೆಲ್ಲ ಇದ್ದರೂ ಬಾಯಿಗೆ ಹೊಡೆದಾಟದ ಆಟ ಎಂದರೆ ಅಷ್ಟಕ್ಕಷ್ಟೆ. ಅವರ ಜೀವ ಇದ್ದದ್ದು ಬೆಳಿಗ್ಗೆ ಹತ್ತೂವರೆಗೆ. ಗಂಡ ಗ್ರೆಗರಿ ಕುವೈತಿನ ಒಂದು ಉಗ್ರಾಣದಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಪಾಳಿ ಮುಗಿಸಿ ಅವರು ಕೋಣೆಗೆ ಬಂದು ಮುಖ ತೊಳೆಯುವಾಗ ನಮ್ಮಲ್ಲಿ ಹತ್ತೂವರೆ. ಅವರು ಅಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಿದ್ದರು, ಬಾಯಿ ಇಲ್ಲಿ ಮೂಲೆಯ ಕಂಪ್ಯೂಟರ್ ಹಾಕುತ್ತಿದ್ದರು. ಚೌಕ ಚೌಕ ಕಲ್ಲು, ಮಣ್ಣು, ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬೇಕಾದ ಊರು ಕಟ್ಟಿಕೊಳ್ಳುವ ಆಟ. ಬಾಯಿ ಅದನ್ನು ‘ಪೆಟ್ಟಿಗೆ ಆಟ’ ಎನ್ನುತ್ತಿದ್ದರು. ಊರು ಇದ್ದದ್ದು ಬಾಯಿಯ ಕಂಪ್ಯೂಟರಿನಲ್ಲಿ. ಗ್ರೆಗರಿ ದಿನವೂ ಅಲ್ಲಿಂದ ಇಲ್ಲಿಗೆ ಬಂದು ಹೋಗುವವರು.

ಶನಿವಾರ ನನಗೆ ಕ್ಲಾಸು ಇರುತ್ತಿರಲಿಲ್ಲ. ಹಾಗಾಗಿ ಬಾಯಿಯ ಹಿಂದೆ ಕೂತು ಆ ಊರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗ್ರೆಗರಿಯವರದು ಮಟ್ಟುವಿನಲ್ಲಿ ಹುಟ್ಟಿ ಬೆಳೆದ ಜೀವ. ಅಲ್ಲಿಯ ಗುಳ್ಳ ಬದನೆ ಇಲ್ಲದೆ ಅವರಿಗೆ ಊರೇ ಇಲ್ಲ. ಆಟದಲ್ಲಿ ಬದನೆ ಇಲ್ಲ, ಕುಂಬಳಕಾಯಿ ಮಾತ್ರ ಉಂಟು. ಅದನ್ನೇ ಸಾಲಾಗಿ ನೆಟ್ಟು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹಲಗೆ ಹಾಕಿದ್ದರು: ‘ಗ್ರೆಗರಿಯ ಗುಳ್ಳ. ಕೈ ಹಾಕಿದವರ ಕೈ ಉಳಿಯುವುದಿಲ್ಲ.’ ಬಾಯಿ ಬಿಳಿಯ ಹೂವೊಂದನ್ನು ಹುಡುಕಿ ತಂದು ಅದಕ್ಕೆ ಮಲ್ಲಿಗೆ ಎಂದು ಹೆಸರಿಟ್ಟು ಹಿತ್ತಿಲು ತುಂಬಿಸಿದ್ದರು. ಕಾಪುವಿನ ಕಡಲತೀರದ ದೀಪಸ್ತಂಭದಂಥದ್ದು ಒಂದು ಇತ್ತು, ಅದರ ತುದಿ ಮಾತ್ರ ಮುಗಿದಿರಲಿಲ್ಲ. ನಡುವೆ ಅವರ ಮನೆ.

ಆ ಮನೆಯ ಬಾಗಿಲು ಒಂದು ದೊಡ್ಡ ಕತೆ. ಗ್ರೆಗರಿ ಮೊದಲು ಬಾವಿ ತೋಡಿದರು, ಆಮೇಲೆ ಮನೆ ಕಟ್ಟಿದರು. ಬಾಯಿ ಗಿರಾಕಿಗಳ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಕಟ್ಟಿ ಮುಗಿದ ಮೇಲೆ ನೋಡಿದರೆ ಬಾಗಿಲು ಸೀದಾ ಬಾವಿಗೆ! ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟರೆ ನೀರಿನಲ್ಲಿ. ಪರದೆಯೆಲ್ಲ ನೀಲಿ. ಈಜಿ, ಅಂಚು ಹಿಡಿದು ಮೇಲೆ ಬರಬೇಕು. ಬಾಯಿ ದಿನಕ್ಕೊಮ್ಮೆಯಾದರೂ ಬೀಳುತ್ತಿದ್ದರು. ಬಿದ್ದಾಗಲೆಲ್ಲ “ಎಂತ ಮನುಷ್ಯನಪ್ಪ ಇವರು!” ಎಂದು ಕೂಗುತ್ತಿದ್ದರು. ಆಗ ಹೆಡ್‌ಫೋನಿನಿಂದ ಗ್ರೆಗರಿಯವರ ನಗು ಹಿಂದೆ ಕೂತ ನನಗೂ ಕೇಳುತ್ತಿತ್ತು. ಮಟ್ಟುವಿನ ಮನೆಯಲ್ಲಿ ಅಡುಗೆಕೋಣೆಯಲ್ಲಿ ನಿಂತೇ ನೀರು ಸೇದುವುದು, ನನ್ನದೇನು ತಪ್ಪು ಎಂಬುದು ಅವರ ವಾದ.

“ಬಾಯಿ, ಬಾಗಿಲು ಆಚೆ ಗೋಡೆಗೆ ಇಟ್ಟರೆ ಆಯಿತಲ್ಲ. ಎರಡು ನಿಮಿಷದ ಕೆಲಸ,” ಎಂದೆ ಒಮ್ಮೆ.

“ಬೇಡ. ಅವರು ಮಾಡಿದ ಕಿತಾಪತಿ, ಅವರೇ ಸರಿ ಮಾಡಲಿ.”

ಒಂದು ದಿನ ಅವರೇ ಹೇಳಿದರು. “ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ರಜೆಯಲ್ಲಿ ಬಂದದ್ದೆಲ್ಲ ಒಟ್ಟು ಸೇರಿಸಿದರೆ ಮೂರು ವರ್ಷ ಆಗ್ತದೋ ಇಲ್ವೋ. ಫೋನಿನಲ್ಲಿ ಎಷ್ಟು ಮಾತಾಡುವುದು? ಊಟ ಆಯ್ತಾ, ಮಳೆ ಉಂಟಾ, ಮುಗೀತು. ಇಲ್ಲಿ ಮಾತೇ ಬೇಡ. ಅವರು ಮಣ್ಣು ಅಗೀತಾರೆ, ನಾನು ಹೂ ನೆಡ್ತೇನೆ. ನಾವು ಸಂಸಾರ ಮಾಡಿದ್ದೇ ಇಲ್ಲಿ ಮಾರಾಯ್ತಿ.” ಹೇಳಿ, ಸ್ವಲ್ಪ ನಾಚಿಕೆಯಾದವರಂತೆ ಹೆಡ್‌ಫೋನು ಸರಿಮಾಡಿಕೊಂಡರು. ಇದು ಸುಳ್ಳು ಲೋಕ, ಹೊತ್ತುಗಳೆಯುವ ಹಾಳು ಚಟ ಎಂದು ನನ್ನ ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ ನಾನು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಓದು ಮುಗಿದ ಮೇಲೆ ಮಣಿಪಾಲದಲ್ಲೇ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಬೇರೆಯವರು ಮಾಡಿದ ಆಟವನ್ನು ಆಡಿ ಆಡಿ ತಪ್ಪು ಹುಡುಕುವುದು ನನ್ನ ಕೆಲಸ. ಗೋಡೆಯೊಳಗೆ ಕಾಲು ಸಿಕ್ಕಿಕೊಂಡರೆ, ಬಾಗಿಲು ತೆರೆದವನು ಗುಂಡಿಗೆ ಬಿದ್ದರೆ, ಬರೆದು ಕೊಡಬೇಕು. ಬಾಯಿಗೆ ಇದನ್ನು ಹೇಳಿದಾಗ ಅವರು ನಕ್ಕು, “ತಪ್ಪು ಹುಡುಕಲಿಕ್ಕೆ ಸಂಬಳ ಕೊಡ್ತಾರಾ? ನನ್ನ ಅತ್ತೆ ಇಡೀ ಜೀವನ ಪುಕ್ಕಟೆ ಮಾಡಿದರು,” ಎಂದರು.

ಕೊರೊನಾ ಬಂದಾಗ ಹಾಸ್ಟೆಲುಗಳು ಖಾಲಿಯಾದವು, ಬಾಯಿಯ ಕೋಣೆಗೂ ಬೀಗ ಬಿತ್ತು. ಬಾಯಿ ಮೂಲೆಯ ಆ ಒಂದು ಕಂಪ್ಯೂಟರನ್ನು ಶಂಕರಪುರದ ಮನೆಗೆ ಒಯ್ದರು. ಅತ್ತ ಗ್ರೆಗರಿ, ವಿಮಾನ ಶುರುವಾದ ಕೂಡಲೇ ಬರುತ್ತೇನೆ, ಬಂದು ಇನ್ನು ಹೋಗುವುದಿಲ್ಲ ಎನ್ನುತ್ತಿದ್ದರು. ಅವರಿಗೆ ಜ್ವರ ಬಂದದ್ದು ಸೋಮವಾರ, ಹೋದದ್ದು ಮುಂದಿನ ಸೋಮವಾರ. ಅಲ್ಲಿಯೇ ಹೂಳಿದರು. ಮುಖ ನೋಡುವ ಮಾತು ಹಾಗಿರಲಿ, ಹಿಡಿ ಮಣ್ಣು ಹಾಕಲೂ ಇಲ್ಲಿಂದ ಯಾರಿಗೂ ಆಗಲಿಲ್ಲ.

ಸುದ್ದಿ ಬಂದಾಗ ಬಾಯಿ ಮಲ್ಲಿಗೆ ಕಟ್ಟುತ್ತಿದ್ದರಂತೆ. ಕಾರ್ಕಳದಿಂದ ಹೇಗೋ ಬಂದು ಸೇರಿಕೊಂಡಿದ್ದ ಅವರ ತಂಗಿ ಜುಡಿತ್ ಆಮೇಲೆ ನನಗೆ ಹೇಳಿದರು. ಕೊಳ್ಳುವವರು ಯಾರೂ ಇಲ್ಲದ ದಿನಗಳವು. ಆದರೂ ಬಾಯಿ ಎದ್ದೇಳಲಿಲ್ಲ. ಬುಟ್ಟಿಯಲ್ಲಿದ್ದ ಮೊಗ್ಗನ್ನೆಲ್ಲ ಕಟ್ಟಿದರು. ನಾರು ಮುಗಿದ ಮೇಲೆ ಬರಿಗೈಯಲ್ಲೇ ಬೆರಳು ಆಡಿಸುತ್ತ ಸಂಜೆಯವರೆಗೆ ಕೂತಿದ್ದರಂತೆ.

ಬಸ್ಸುಗಳು ಓಡಲು ಶುರುವಾದಾಗ ನಾನು ಹೋದೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ ಹೋದವಳು ಬಾಯಿಯ ಪಕ್ಕ ಕೂತು ಮೊಗ್ಗು ಕಟ್ಟತೊಡಗಿದೆ. ಹತ್ತೂವರೆಯಾಯಿತು. ಬಾಯಿ ಎದ್ದು ಕಂಪ್ಯೂಟರ್ ಹಾಕಿದರು. ಊರು ಇದ್ದ ಹಾಗೆಯೇ ಇತ್ತು. ಮನೆಯೊಳಗೆ ಎರಡು ಮಂಚ, ಕೆಂಪು ಹೊದಿಕೆಯದು ಗ್ರೆಗರಿಯವರದು. ಅದರ ಪಕ್ಕ ಒಂದು ಬಿಳಿ ಹೂವಿಟ್ಟು, ಬಾಗಿಲು ತೆರೆದು, ಒಂದು ಹೆಜ್ಜೆ ಇಟ್ಟರು. ನೀರಿಗೆ ಬಿದ್ದರು. “ಎಂತ ಮನುಷ್ಯನಪ್ಪ ಇವರು,” ಎಂದರು, ಮೆಲ್ಲಗೆ. ಆ ಕಡೆಯಿಂದ ಯಾರೂ ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನವೆಂಬರಿನಲ್ಲಿ ಸತ್ತವರ ದಿನ ಇಗರ್ಜಿಯ ಸ್ಮಶಾನದಲ್ಲಿ ಎಲ್ಲರೂ ತಮ್ಮವರ ಗೋರಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಬಾಯಿ ಅತ್ತೆ ಮಾವನ ಗೋರಿಗೆ ಮಲ್ಲಿಗೆ ಇಟ್ಟು ಬೇಗ ಮನೆಗೆ ಬರುತ್ತಿದ್ದರು. ಮತ್ತೆ ಕಂಪ್ಯೂಟರ್ ಮುಂದೆ ಕೂತು ಕೆಂಪು ಮಂಚದ ಸುತ್ತ ಬಿಳಿ ಹೂ ನೆಡುತ್ತಿದ್ದರು. “ಇವರದು ಇಲ್ಲೇ ಅಲ್ವಾ,” ಎನ್ನುತ್ತಿದ್ದರು. ಸೋತವರಿಗೆ ಹೇಳುತ್ತಿದ್ದ ಆ ‘ಏಳು, ಏಳು’ ಎಂಬ ಮಾತನ್ನು ಆಮೇಲೆ ಅವರ ಬಾಯಿಂದ ನಾನು ಕೇಳಲಿಲ್ಲ.

ಇನ್ನು ನನ್ನ ಪಾಪದ ಕತೆ. ಎರಡು ವರ್ಷ ಕಳೆದ ಮೇಲೆ ಆ ಕಂಪ್ಯೂಟರ್ ತೆವಳತೊಡಗಿತು. ಹಾಕಿದರೆ ಕಾಲು ಗಂಟೆ ಬೇಕು, ನಡುವೆ ನಿಂತುಬಿಡುತ್ತಿತ್ತು. “ನಾನು ಒಯ್ದು ಫಾರ್ಮ್ಯಾಟ್ ಮಾಡಿ ತರ್ತೇನೆ ಬಾಯಿ, ಹೊಸದರ ಹಾಗೆ ಓಡ್ತದೆ,” ಎಂದೆ. ಒಳಗಿದ್ದದ್ದನ್ನೆಲ್ಲ ಒರೆಸಿ ಮೊದಲಿನಿಂದ ತುಂಬುವುದು ಎಂದು ವಿವರಿಸಿದಾಗ ಅವರ ಮುಖ ಸಣ್ಣದಾಯಿತು.

“ಊರು ಹೋಗ್ಲಿಕ್ಕಿಲ್ಲ ಅಲ್ವಾ?”

“ಎಂತ ಬಾಯಿ, ನನಗೆ ಅಷ್ಟೂ ಗೊತ್ತಾಗುವುದಿಲ್ವಾ? ಮೊದಲು ತೆಗೆದಿಡ್ತೇನೆ.”

ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಮಣಿಪಾಲದ ನನ್ನ ಬಾಡಿಗೆ ಕೋಣೆಗೆ ತಂದೆ. ಮರುದಿನ ಊರೂರಿನಿಂದ ಆಟದ ಹುಚ್ಚರೆಲ್ಲ ವೇಷ ಹಾಕಿಕೊಂಡು ಸೇರುವ ಒಂದು ಕೂಟವಿತ್ತು. ನನ್ನದೊಂದು ರಟ್ಟಿನ ಕವಚ ಅರ್ಧ ಆಗಿ ಮೂಲೆಯಲ್ಲಿ ಬಿದ್ದಿತ್ತು. ಮನಸ್ಸೆಲ್ಲ ಅದರ ಮೇಲೆ. ಕಂಪ್ಯೂಟರಿನಲ್ಲಿ ಆ ಆಟದ ಊರುಗಳು ನಾಲ್ಕೈದು ಇದ್ದವು. ಒಂದರ ಹೆಸರು ‘ಮನೆ’. ಇದೇ ಎಂದು ಅದನ್ನು ಪೆನ್‌ಡ್ರೈವಿಗೆ ಹಾಕಿದೆ. ಉಳಿದವು ಹುಡುಗರು ಮಾಡಿಟ್ಟ ಕಸ. ಒಂದಕ್ಕಂತೂ ಹೆಸರೇ ಇರಲಿಲ್ಲ, ಆಟ ತಾನಾಗಿ ಕೊಡುವ ‘ಹೊಸ ಲೋಕ’ ಎಂಬ ಹೆಸರೇ ಉಳಿದಿತ್ತು. ತೆಗೆದಿಟ್ಟದ್ದನ್ನು ಒಮ್ಮೆ ತೆರೆದು ನೋಡಿ ಆಮೇಲೆ ಒರೆಸಬೇಕು. ಇದು ನಮ್ಮ ಕೆಲಸದ ಮೊದಲ ಪಾಠ. ಹೊಸಬರಿಗೆ ಇದನ್ನು ಕಲಿಸುವವಳೂ ನಾನೇ. ನಾನು ತೆರೆದು ನೋಡಲಿಲ್ಲ. ಒರೆಸಿದೆ.

ಮೂರನೆಯ ದಿನ ಎಲ್ಲ ತುಂಬಿ ‘ಮನೆ’ ತೆರೆದರೆ ಅಲ್ಲಿ ನಾಲ್ಕು ಗೋಡೆ, ಒಂದು ಹಂದಿ, ಯಾವನೋ ಹುಡುಗ ಕಲಿಯಲು ಕಟ್ಟಿದ ಮೋಟು ಗೋಪುರ. ಇಪ್ಪತ್ತಾರು ವರ್ಷದ ಸಂಸಾರಕ್ಕೆ ಅವರಿಬ್ಬರೂ ಹೆಸರಿಡುವ ಗೋಜಿಗೇ ಹೋಗಿರಲಿಲ್ಲ. ಹೆಸರಿಲ್ಲದ್ದೇ ಅವರದ್ದು. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶಗಳನ್ನೆಲ್ಲ ಹಾಕಿ ನೋಡಿದೆ, ಗೊತ್ತಿದ್ದವರ ಕಾಲು ಹಿಡಿದೆ. ಹರಿದ ಚೂರುಗಳು ಬಂದವು, ಊರು ಬರಲಿಲ್ಲ. ಗ್ರೆಗರಿಯವರನ್ನು ಕುವೈತಿನಲ್ಲಿ ಯಾರೋ ಹೂಳಿದರು. ಇಲ್ಲಿ ನಾನು ಹೂಳಿದೆ.

ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಬೆಂಗಳೂರಿನಿಂದ ಒಂದು ಬಿಡಿಭಾಗ ಬರಬೇಕು ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. “ಆಗ್ಲಿ, ಅವಸರ ಇಲ್ಲ,” ಎಂದರು ಬಾಯಿ. ವಾರ ಕಳೆದು ಮತ್ತೊಂದು ಸುಳ್ಳು ಹೇಳಿದೆ. “ಆಗ್ಲಿ. ಹತ್ತೂವರೆಗೆ ಎಂತ ಮಾಡುವುದು ಅಂತ ಗೊತ್ತಾಗುವುದಿಲ್ಲ, ಅಷ್ಟೇ,” ಎಂದರು.

ಆ ಊರನ್ನು ನಾನೇ ಕಟ್ಟತೊಡಗಿದೆ. ಕಂಪನಿಗೆ ರಜೆ ಹಾಕಿದೆ. ಹಿಂದೆ ಕೂತು ನೋಡಿದ್ದೆಲ್ಲ ನೆನಪಿತ್ತು. ಬಾಯಿ ಆಗೀಗ ಫೋನಿನಲ್ಲಿ ಕಳಿಸಿದ್ದ ಏಳೆಂಟು ಫೋಟೊಗಳಿದ್ದವು. ಗುಳ್ಳದ ಸಾಲು ಎಷ್ಟು, ಹಲಗೆಯಲ್ಲಿ ಯಾವ ಅಕ್ಷರ ತಪ್ಪಾಗಿತ್ತು, ದೀಪಸ್ತಂಭದ ತುದಿಯಲ್ಲಿ ಎಷ್ಟು ಕಲ್ಲು ಬಾಕಿ ಇತ್ತು, ಕೆಂಪು ಮಂಚದ ಸುತ್ತ ಎಷ್ಟು ಹೂ ಇದ್ದವು, ಒಂದೊಂದನ್ನೂ ನೆನೆಸಿ ನೆನೆಸಿ ಇಟ್ಟೆ. ಬಾಗಿಲಿಟ್ಟೆ, ಬಾವಿ ತೋಡಿದೆ, ಹಿತ್ತಿಲು ತುಂಬಿದೆ. ಮೂರು ವಾರ ಹಿಡಿಯಿತು. ಕೊನೆಗೆ ನನ್ನ ಕೆಲಸದ ರೂಢಿಯಂತೆ ಊರಿನ ಒಂದೊಂದು ಮೂಲೆಗೂ ನಡೆದು ಪರೀಕ್ಷಿಸಿದೆ. ಎಲ್ಲಿಯೂ ಕಾಲು ಸಿಕ್ಕಲಿಲ್ಲ, ಎಲ್ಲಿಯೂ ಎಡವಲಿಲ್ಲ. ಒಂದು ತಪ್ಪೂ ಕಾಣಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಭಾನುವಾರ ಪೂಜೆ ಮುಗಿಸಿ ಬಾಯಿ ಮನೆಗೆ ಬರುವ ಹೊತ್ತಿಗೆ ಜೋಡಿಸಿ ಇಟ್ಟಿದ್ದೆ. ಅವರು ಸೀರೆಯನ್ನೂ ಬದಲಿಸದೆ ಕೂತರು. ಪರದೆಯಲ್ಲಿ ಮನೆ ಕಂಡದ್ದೇ “ದೇವಾ!” ಎಂದು ನನ್ನ ಕೈ ಹಿಡಿದುಕೊಂಡರು. ಮನೆಯೊಳಗೆ ನಡೆದು ಕೆಂಪು ಮಂಚ ನೋಡಿದರು, ಹೂಗಳನ್ನು ಎಣಿಸಿದರು. ಬಾಗಿಲು ತೆರೆದು ಹೊರಗೆ ಕಾಲಿಟ್ಟರು. ಎರಡು ಹೆಜ್ಜೆ ನಡೆದು ಅಂಗಳದಲ್ಲಿ ನಿಂತುಬಿಟ್ಟರು. ಆಗ ಅವರ ಬೆರಳುಗಳು ರಿಮೋಟಿನ ಮೇಲೆ ಸುಮ್ಮನಾದವು. ಆಚೆ ಈಚೆ ಹೋಗಲಿಲ್ಲ, ಏನೂ ಒತ್ತಲಿಲ್ಲ. ಸಂತೋಷಕ್ಕೇ ಹೀಗೆ ನಿಂತಿದ್ದಾರೆ ಎಂದುಕೊಂಡೆ. ನನಗೂ ಕಣ್ಣು ಮಂಜಾಗಿತ್ತು.

“ಸಾಕು ಇವತ್ತಿಗೆ,” ಎಂದು ಎದ್ದರು. “ನೀನು ಎಷ್ಟು ಸೊರಗಿದ್ದೀ ಮಾರಾಯ್ತಿ! ಕಣ್ಣು ನೋಡು, ಗುಂಡಿಗೆ ಹೋಗಿದೆ. ಕೂತ್ಕೋ, ಚಹಾ ಮಾಡ್ತೇನೆ.” ಚಹಾದ ಜೊತೆ ಹುರಿದ ಗೇರುಬೀಜ ಕೊಟ್ಟರು, ಹೊರಡುವಾಗ ತಲೆಗೆ ಮಲ್ಲಿಗೆ ಮುಡಿಸಿದರು.

ಮರುದಿನ ಹತ್ತೂವರೆಗೆ ಅವರ ಫೋನು ಬಂತು. ನಾನು ಕೆಲಸದಲ್ಲಿದ್ದೆ.

“ಅಕ್ಷತಾ, ಮಣ್ಣು ಅಗೆಯುವ ಹಾರೆ ಎಲ್ಲಿಟ್ಟಿದ್ದೀ?”

“ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಉಂಟು ಬಾಯಿ, ಮೇಲಿನ ಸಾಲಿನಲ್ಲಿ.”

“ಸಿಕ್ಕಿತು, ಸಿಕ್ಕಿತು. ನೀನು ಕೆಲಸ ಮಾಡು.”

ಇಷ್ಟೇ ಮಾತು. ಹೂವಿಗೆ ಪಾತಿ ಮಾಡುತ್ತಾರೇನೋ ಎಂದುಕೊಂಡು ನಾನು ಮರೆತೇಬಿಟ್ಟೆ.

ಅದಾದ ಮೇಲೆ ನಾನು ಹೋಗುವುದು ಕಡಿಮೆಯಾಯಿತು. ಕೆಲಸದ ನೆಪ ಹೇಳುತ್ತಿದ್ದೆ. ನಿಜವೆಂದರೆ ಆ ಪರದೆಯ ಮುಂದೆ ಅವರ ಪಕ್ಕದಲ್ಲಿ ಕೂರಲು ನನಗೆ ಮುಖವಿರಲಿಲ್ಲ. ಹೋದರೂ ಹತ್ತೂವರೆ ತಪ್ಪಿಸಿ ಸಂಜೆ ಹೋಗುತ್ತಿದ್ದೆ. ಬಾಯಿ ಒಂದು ದಿನವೂ ಯಾಕೆಂದು ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರಿಗೆ ಹೊಟ್ಟೆಯ ಕಾಯಿಲೆ ಎಂದು ಗೊತ್ತಾಯಿತು. ಗೊತ್ತಾಗುವಾಗ ತಡವಾಗಿತ್ತು. ಜುಡಿತ್ ಅವರನ್ನು ಕಾರ್ಕಳದ ತನ್ನ ಮನೆಗೆ ಕರೆದೊಯ್ದರು. ಕಂಪ್ಯೂಟರ್ ಕೂಡ ಜೊತೆಗೆ ಹೋಯಿತು. ನಾನು ನೋಡಲು ಹೋದಾಗ ಬಾಯಿ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಹೊದಿಕೆಯ ನೂಲನ್ನು ಬೆರಳುಗಳು ಮಾತ್ರ ಕಟ್ಟುತ್ತಲೇ ಇದ್ದವು, ಎರಡು ಆಚೆ, ಎರಡು ಈಚೆ.

“ಈ ಪೆಟ್ಟಿಗೆ ನೀನೇ ತಕೊಂಡು ಹೋಗ್ಬೇಕು,” ಎಂದರು. “ಜುಡಿತ್‌ಗೆ ಇದರದ್ದೆಲ್ಲ ಗೊತ್ತಿಲ್ಲ. ಹತ್ತೂವರೆಗೆ ಒಮ್ಮೊಮ್ಮೆ ಹೋಗಿ ನೋಡು, ಆಯ್ತಾ? ಒರೆಸಬೇಡ ಮಾತ್ರ.”

ಒರೆಸಬೇಡ ಎಂದ ಮೇಲೆ ಇನ್ನು ತಡೆಯಲಾಗಲಿಲ್ಲ. “ಬಾಯಿ, ನಿಮಗೆ ಒಂದು ಹೇಳಲಿಕ್ಕುಂಟು. ತುಂಬಾ ದಿನದಿಂದ...”

ಅವರು ನನ್ನ ಮಣಿಕಟ್ಟು ಹಿಡಿದರು. “ಎಂತದೂ ಹೇಳುವುದು ಬೇಡ. ಚಹಾ ಕುಡಿ ಮೊದಲು, ತಣಿದು ಹೋಗ್ತದೆ.”

ಕುಡಿದೆ. ಲೋಟ ಖಾಲಿಯಾಗುವಷ್ಟರಲ್ಲಿ ಜುಡಿತ್ ಮದ್ದು ತಂದರು, ಬಾಯಿಗೆ ನಿದ್ದೆ ಹತ್ತಿತು. ಮುಂದಿನ ಶನಿವಾರ ಬಂದು ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ. ಶುಕ್ರವಾರ ಬೆಳಿಗ್ಗೆ ಬಾಯಿ ಹೋದರು. ಶಂಕರಪುರದ ಮನೆಗೆ ತಂದು ಮಲಗಿಸಿದ್ದರು. ಕೈ ಜೋಡಿಸಿ ಬೆರಳಿಗೆ ಜಪಸರ ಸುತ್ತಿದ್ದರು. ಆ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ ಎರಡನೆಯ ಸಲ ಅದು. ಜಪಮಣಿಗಳ ಮೇಲೆ ಅವು ಈಗ ಆಡುತ್ತವೆ, ಈಗ ಆಡುತ್ತವೆ ಎಂದು ಮಣ್ಣಿಗೆ ಇಡುವವರೆಗೂ ನೋಡುತ್ತಲೇ ಇದ್ದೆ.

ತಿಂಗಳು ಕಳೆದು ಜುಡಿತ್ ಫೋನು ಮಾಡಿದರು. ಹೋಗಿ ಕಂಪ್ಯೂಟರ್ ತಂದೆ. ಎರಡು ವಾರ ಅದನ್ನು ಬಟ್ಟೆ ಮುಚ್ಚಿ ಇಟ್ಟಿದ್ದೆ. ಮೊನ್ನೆ ಭಾನುವಾರ ಧೈರ್ಯ ಮಾಡಿಕೊಂಡು ಹತ್ತೂವರೆಗೆ ಹಾಕಿದೆ. ಬಾಯಿ ಕೊನೆಯ ಸಲ ನಿಲ್ಲಿಸಿದ ಜಾಗದಲ್ಲೇ ಆಟ ತೆರೆಯಿತು. ಮನೆಯೊಳಗೆ, ಕೆಂಪು ಮಂಚದ ಪಕ್ಕ. ಹೂಗಳು ನಾನಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚಾಗಿದ್ದವು. ಹಿತ್ತಿಲನ್ನು ನೋಡೋಣ ಎಂದು ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟೆ.

ನೀರಿಗೆ ಬಿದ್ದೆ. ಪರದೆಯೆಲ್ಲ ನೀಲಿ.

ಈಜಿ ಮೇಲೆ ಬಂದು ನೋಡಿದೆ. ನಾನು ಕಟ್ಟಿದ ಊರಿನಲ್ಲಿ ಬಾವಿ ಬಾಗಿಲಿನಿಂದ ಐದು ಹೆಜ್ಜೆ ಆಚೆ, ಅಂಗಳದ ಮೂಲೆಯಲ್ಲಿತ್ತು. ಯಾರೂ ಎಡವದ ಹಾಗೆ, ಯಾರೂ ಬೀಳದ ಹಾಗೆ, ನನಗೇ ತಿಳಿಯದೆ ನನ್ನ ಕೈ ಅದನ್ನು ಅಲ್ಲಿ ತೋಡಿತ್ತು. ಜಗತ್ತಿನಲ್ಲಿ ಗ್ರೆಗರಿಯೊಬ್ಬರೇ ಮಾಡಬಹುದಾಗಿದ್ದ ತಪ್ಪನ್ನು ನಾನು ಸರಿಮಾಡಿ ಇಟ್ಟಿದ್ದೆ. ಬಾಯಿ ಅಂಗಳದಲ್ಲಿ ಒದ್ದೆಯಾಗದ ಕಾಲಿನಲ್ಲಿ ನಿಂತ ಗಳಿಗೆಯಲ್ಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಹಾರೆ ಎಲ್ಲಿಟ್ಟಿದ್ದೀ ಎಂದು ಅವರು ಕೇಳಿದ್ದು ನನ್ನನ್ನು, ಆ ಊರು ಕಟ್ಟಿದವಳನ್ನು. ನಾನು ಥಟ್ಟನೆ ಹೇಳಿಯೂ ಇದ್ದೆ. ನನ್ನ ಬಾವಿಯನ್ನು ಅವರು ಮಣ್ಣು ಹಾಕಿ ಮುಚ್ಚಿ ಅದರ ಮೇಲೆ ಬಿಳಿ ಹೂ ನೆಟ್ಟಿದ್ದರು. ಬಾಗಿಲ ಮುಂದೆ ಹೊಸದಾಗಿ ತೋಡಿದ್ದರು.

ಒಳಗೆ ಹೋಗಿ ಮತ್ತೆ ಬಾಗಿಲು ತೆರೆದು ಹೊರಗೆ ಕಾಲಿಟ್ಟೆ. ಮತ್ತೆ ಬಿದ್ದೆ. ಆ ಮಾತು ಹೇಳುವವರು ಯಾರೂ ಇರಲಿಲ್ಲ. ನೀಲಿ ನೀರಿನಲ್ಲಿ ನಿಂತು ನಾನೇ ಹೇಳಿದೆ, “ಎಂತ ಮನುಷ್ಯನಪ್ಪ ಇವರು!” ಹೇಳಿ, ರಿಮೋಟು ಮಡಿಲಲ್ಲಿಟ್ಟುಕೊಂಡು ಅತ್ತೆ.